ಟಗರು ಬದಲಾಯಿಸ್ಬೇಕಾ, ಮೇವು ಬದಲಾಯಿಸ್ಬೇಕಾ? ಮರಿಗಳು ತೀರಾ ಸಣ್ಣವು ಹುಟ್ಟಿದಾವೆ

ಜಗಳೂರು ಶೆಡ್:

ನಮಸ್ಕಾರ ಎಲ್ರಿಗೂ. ನಮ್ದು ಜಗಳೂರು ತಾಲೂಕು. ಬೆಂಗ್ಳೂರಲ್ಲಿ ಕೆಲಸ ಬಿಟ್ಟು ಬಂದು ಶೆಡ್ ಹಾಕ್ಕಂಡು ಕುರಿ ಸಾಕ್ತಿದೀನಿ, ನಲವತ್ತು ಹೆಣ್ಣು ಕುರಿ, ಒಂದೇ ಟಗರು. ಹೆಣ್ಣು ಕುರಿ ಎಲ್ಲಾ ಬಳ್ಳಾರಿ ತಳಿವು, ಸಂತೇಲಿ ತಗಂಡಿದ್ದು. ಟಗರು ಮಾತ್ರ ದೂರದಿಂದ ದುಡ್ಡು ಸುರಿದು ತಂದಿದ್ದು, ಎತ್ತರ ಉದ್ದ ನೋಡಿದ್ರೆ ದಾರೀಲಿ ಹೋಗೋರು ಬೈಕ್ ನಿಲ್ಸಿ ನೋಡ್ತಾರೆ ಹಂಗೈತೆ.

ದೀಪಾವಳಿ ಕಳೆದ ಮೇಲೆ ಟಗರು ಬಿಟ್ಟೆ, ಏಪ್ರಿಲ್‌ನಾಗೆ ಈಯಾಕೆ ಶುರುವಾದ್ವು. ಮರಿ ನೋಡಿದ್ರೆ ಕಣ್ಣಾಗೆ ನೀರು ಬರುತ್ತೆ, ಅಂಗೈ ಮೇಲೆ ಕೂರಂಗವೆ, ತೂಕ ಹಾಕಿದ್ರೆ ಒಂದೂವರೆ ಕೆಜಿ, ಒಂದೊಂದು ಅದಕ್ಕೂ ಕಡಿಮೆ. ಎದ್ದು ನಿಂತು ಮೊಲೆ ಹಿಡಿಯಾಕೆ ತ್ರಾಣಿಲ್ಲ, ಹಿಡಿದ್ರೂ ತಾಯಿಗೆ ಹಾಲಿಲ್ಲ, ಕೆಲವು ಮೂರನೇ ದಿನಕ್ಕೇ ಹೋದ್ವು. ಎರಡು ಕುರಿ ಕಂದು ಹಾಕಿದ್ವು, ಅಂದ್ರೆ ದಿನ ತುಂಬದೇ ಗಬ್ಬ ಇಳಿದೋಯ್ತು. ಹತ್ತಿರ ಹತ್ತಿರ ಅರ್ಧ ಕುರಿ ಗಬ್ಬನೇ ನಿಂತಿಲ್ಲ, ಹಾರಿಸ್ಕಂತಾವೆ, ಸ್ವಲ್ಪ ದಿನ ಬಿಟ್ಟು ಮತ್ತೆ ಬೆದೆಗೆ ಬರ್ತಾವೆ.

ಮೇವು ಅಂದ್ರೆ ಮೆಕ್ಕೆಜೋಳದ ದಂಟು ಕಟ್ ಮಾಡಿ ಹೊಟ್ಟೆ ತುಂಬ ಹಾಕ್ತೀನಿ, ಜೊತೆಗೆ ಮೆಕ್ಕೆಜೋಳ ಒಡೆಸಿದ ನುಚ್ಚು ಒಂದೊಂದು ಹಿಡಿ. ಟಗರಿಗೆ ಬೇರೆ ಗೂಡು, ದಿನಕ್ಕೆ ಒಂದು ಕೆಜಿ ಮೆಕ್ಕೆಜೋಳ, ಗೋಧಿ ಬೂಸಾ, ಅದಕ್ಕೆ ಏನೂ ಕಮ್ಮಿ ಮಾಡಿಲ್ಲ. ಹಸುವಿಗೆ ಕೊಡೋ ಮಿನರಲ್ ಮಿಕ್ಸ್ಚರ್ ಇತ್ತು, ಅದ್ನೂ ಆಗಾಗ ಕೊಟ್ಟೀನಿ.

ಊರಾಗೆ ಎಲ್ರೂ ಟಗರೇ ಸರಿಯಿಲ್ಲ, ಕಟುಕರಿಗೆ ಕೊಟ್ಟು ನಾರಿ ಸುವರ್ಣ ಟಗರು ತಾ, ಜವಳಿ (ಅವಳಿ) ಮರಿ ಹಾಕ್ತಾವೆ ಅಂತಾರೆ. ನನ್ ಪ್ರಶ್ನೆ ಇಷ್ಟೇ, ತಪ್ಪು ತಳಿದಾ, ಮೇವಿನದಾ, ಇಲ್ಲ ನನ್ ಶೆಡ್ಡಿಂದಾ? ಅಪ್ಪಂಗೆ ಏನ್ ತಿನ್ನಿಸಿದೀವಿ ಅನ್ನಾದು ಮರಿ ಮೇಲೆ ಬೀಳುತ್ತಾ, ಅಥ್ವಾ ತಾಯಿದು ಮಾತ್ರ ಲೆಕ್ಕನಾ? ಗೊತ್ತಿದ್ದೋರು ಹೇಳಿ ಪುಣ್ಯ ಕಟ್ಕಳ್ರಿ.

ಚಳ್ಳಕೆರೆ ಹಟ್ಟಿಹೈದ:

ಅಣ್ಣ ಮೊದಲು ಒಂದು ಹೇಳ್ತೀನಿ ಬೇಜಾರ್ ಮಾಡ್ಕಬ್ಯಾಡ. ದೀಪಾವಳಿಗೆ ಟಗರು ಬಿಟ್ರೆ ಏಪ್ರಿಲ್‌ಗೆ ಮರಿ, ಐದು ತಿಂಗಳ ಲೆಕ್ಕ ಅಲ್ವಾ. ಏಪ್ರಿಲ್‌ನಾಗೆ ನಮ್ ಕಡೆ ನೆಲದ ಮೇಲೆ ಏನೈತೆ ಹೇಳು? ಬಿಸಿಲು ಬಿಟ್ರೆ ಜಾಲಿಕಾಯಿ. ನಮ್ಮಪ್ಪನ ಕಾಲದಾಗೆ ಬೇಸಿಗೇಲಿ ಮರಿ ಬೀಳಬಾರ್ದು ಅಂತ ಟಗರಿನ ಹೊಟ್ಟೆ ಕೆಳಗೆ ಚೀಲದ ತುಂಡು ಕಟ್ಟಿ ಬಿಡ್ತಿದ್ರು, ಮಂದೇಲೇ ಇರ್ತಿತ್ತು, ಹತ್ತಿದ್ರೂ ಕೆಲಸ ಆಗ್ತಿರ್ಲಿಲ್ಲ. ಮುಂಗಾರು ಬಿದ್ದು ಹಸಿರು ಕಡ್ಡಿ ಎದ್ದು ಕುರಿ ಬಾಯಿಗೆ ಎಳೇ ಹುಲ್ಲು ಸಿಕ್ಕಿ ಮೈ ತುಂಬ್ಕಂಡ ಮೇಲೆ ಚೀಲ ಬಿಚ್ಚಾದು. ಆವಾಗ ಒಂದೇ ಸಮ ಬೆದೆಗೆ ಬರ್ತಾವೆ ನೋಡು, ಹದಿನೈದು ಇಪ್ಪತ್ತು ದಿನದಾಗೆ ಮಂದೆ ಪೂರ್ತಿ ಮುಗೀತಿತ್ತು. ಈಯೋ ಹೊತ್ತಿಗೆ ಶೇಂಗಾ ಕಿತ್ತು ಹೊಲ ಖಾಲಿ, ಹೊಟ್ಟು, ಬಳ್ಳಿ, ಉದುರಿದ ಕಾಯಿ ಎಲ್ಲಾ ಕುರಿಗೇ. ತಾಯಿಗೆ ಹಾಲು ತಾನಾಗೇ ಇಳೀತಿತ್ತು.

ಆಮೇಲೆ ಹಿಂಡು ಹೊಡ್ಕಂಡು ಭದ್ರಾ ನಾಲೆ ಕಡೆ ಗದ್ದೆ ಕೊಯ್ದಿರೋ ಊರಿಗೆ ಹೋಗಾದು, ರಾತ್ರಿ ಹೊಲದಾಗೆ ಮಂದೆ ನಿಲ್ಸಿದ್ರೆ ರೈತ್ರು ಕಾಳೋ ದುಡ್ಡೋ ಕೊಡ್ತಾರೆ. ಈಗ್ಲೂ ನಮ್ಮೋರು ಹೋಗ್ತಾರೆ, ಮೊದ್ಲಿನಷ್ಟು ಅಲ್ಲ, ನಾಲೆ ಕಡೆ ಅಡಿಕೆ ತೋಟ ಜಾಸ್ತಿಯಾಗಿ ಕುರಿ ಒಳಗೆ ಬಿಡಲ್ಲ.

ಶೆಡ್ಡಾಗೆ ಕಟ್ಟಿ ಸಾಕೋರಿಗೆ ಋತುಮಾನ ಮರ್ತೇ ಹೋಗ್ತೈತೆ, ವರ್ಷಪೂರ್ತಿ ಒಂದೇ ದಂಟು, ಯಾವಾಗ ಬೇಕಾದ್ರೂ ಟಗರು. ಕುರಿ ಮೈಗೆ ಮಾತ್ರ ಅದು ಮರ್ತಿರಲ್ಲ. ಟಗರು ಮಾರಬ್ಯಾಡ ಇನ್ನೂ. ಒಂದೇ ಟಗರಿಗೆ ನಲವತ್ತು ಕುರಿ ಜಾಸ್ತಿನೇ ಆಯ್ತು, ಇನ್ನೊಂದು ಟಗರು ಇಡು.

ದುರ್ಗದ ಪಶುವೈದ್ಯ:

ಹಟ್ಟಿಹೈದ ಅವರು ಹೇಳಿದ್ದನ್ನ ನಮ್ಮ ಪುಸ್ತಕದಲ್ಲಿ ಫ್ಲಶಿಂಗ್ ಅಂತಾರೆ. ಟಗರು ಬಿಡೋಕೆ ಎರಡು ಮೂರು ವಾರ ಮೊದ್ಲು ಕುರಿಗೆ ಮೇವಿನ ಮಟ್ಟ ಏರಿಸೋದು, ದಿನಕ್ಕೆ ಕಾಲು ಕೆಜಿ ಆಸುಪಾಸು ಕಾಳು-ಹಿಂಡಿ ಮಿಶ್ರಣ ಕೊಟ್ರೆ ಅಂಡಾಶಯದಿಂದ ಬಲಿತ ಅಂಡ ಬಿಡುಗಡೆ ಆಗೋದು ಚುರುಕಾಗುತ್ತೆ. ಮಳೆ ಬಂದಾಗ ಹುಲ್ಲು ಅದನ್ನ ಪುಕ್ಕಟೆ ಮಾಡ್ತಿತ್ತು, ಅಷ್ಟೇ. ಆದ್ರೆ ಇದು ಕೆಲಸ ಮಾಡೋದು ಬಡಕಲು ಮತ್ತೆ ಮಧ್ಯಮ ಕುರಿಗೆ, ಈಗಾಗ್ಲೇ ಕೊಬ್ಬಿರೋ ಕುರಿಗೆ ಎಷ್ಟು ಸುರಿದ್ರೂ ಲಾಭ ಇಲ್ಲ. ಕಣ್ಣಲ್ಲಿ ನೋಡಿ ಹೇಳಬೇಡಿ, ಉಣ್ಣೆ ಮೋಸ ಮಾಡುತ್ತೆ. ಕೊನೇ ಪಕ್ಕೆಲುಬಿನ ಹಿಂದೆ ಸೊಂಟದ ಮೇಲೆ ಬೆರಳಿಟ್ಟು ಒತ್ತಿ, ಬೆನ್ನುಮೂಳೆ ಚೂಪಾಗಿ ಬೆರಳಿಗೆ ಚುಚ್ಚಿದ್ರೆ ಆ ಕುರಿ ಹತ್ರ ಟಗರು ಬಿಡೋದೇ ದಂಡ. ಮೂಳೆ ಗುಂಡಗೆ ಸಿಗಬೇಕು, ಒತ್ತಿದ್ರೆ ಮಾತ್ರ ಗೊತ್ತಾಗಬೇಕು.

ಈಗ ಜಗಳೂರಿನವರ ಪ್ರಶ್ನೆ. ಎಲ್ಲಕ್ಕಿಂತ ಮೊದ್ಲು ಆ ಎರಡು ಕಂದು ಹಾಕಿದ್ದು. ಅದನ್ನ ಮೇವಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಬೇಡಿ. ಬ್ರುಸೆಲ್ಲಾ ಇರಬಹುದು, ಬೇರೆ ಸೋಂಕೂ ಇರಬಹುದು, ರಕ್ತ ಪರೀಕ್ಷೆ ಮಾಡಿಸ್ದೆ ಯಾರೂ ಹೇಳೋಕಾಗಲ್ಲ. ಬ್ರುಸೆಲ್ಲಾ ಮನುಷ್ಯರಿಗೂ ಬರುತ್ತೆ, ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ವರ್ಷಗಟ್ಲೆ ಕಾಡುತ್ತೆ. ಕಂದು, ಮಾಸು ಬರಿಗೈಲಿ ಮುಟ್ಟಬೇಡಿ, ನಾಯಿಗೆ ಎಸೀಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. 1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಗಾಡಿ ಬರುತ್ತೆ, ಇಲ್ಲಾಂದ್ರೆ ನಿಮ್ಮ ಪಶು ಆಸ್ಪತ್ರೇಲಿ ರಕ್ತ ತೆಗೆಸಿ.

ಗಬ್ಬ ನಿಲ್ಲದ ವಿಷ್ಯಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಕೆಮ್ಮಣ್ಣನ್ನ ಎಣ್ಣೇಲಿ ಗಟ್ಟಿಯಾಗಿ ಕಲಸಿ ಟಗರಿನ ಎದೆಗೆ ಹಚ್ಚಿ ಬಿಡಿ, ಹತ್ತಿದ ಕುರಿ ಸೊಂಟಕ್ಕೆ ಬಣ್ಣ ಹತ್ತುತ್ತೆ, ದಿನಾಂಕ ಬರ್ಕೊಳ್ಳಿ. ಕುರಿ ಬೆದೆ 16-17 ದಿನಕ್ಕೊಮ್ಮೆ, ಅದಕ್ಕೇ ಅಷ್ಟು ದಿನಕ್ಕೊಮ್ಮೆ ಬಣ್ಣ ಬದಲಾಯಿಸಿ. ಬಹಳ ಕುರಿ ಸರಿಯಾಗಿ 17ನೇ ದಿನಕ್ಕೆ ಮತ್ತೆ ಬಣ್ಣ ಹತ್ತಿಸ್ಕೊಂಡ್ರೆ ಗಬ್ಬ ಕಟ್ಟೇ ಇಲ್ಲ ಅಂತ ಅರ್ಥ, ಮೊದಲ ಅನುಮಾನ ಟಗರಿನ ಮೇಲೆ. 25, 30, 35 ಅಂತ ಅಡ್ಡಾದಿಡ್ಡಿ ದಿನಕ್ಕೆ ಬಂದ್ರೆ ಗಬ್ಬ ಕಟ್ಟಿ ಕರಗಿದೆ, ಅಲ್ಲಿ ತಾಯಿ ಕಡೆ ನೋಡಬೇಕು. ಮೊದಲ ಮೂರ್ನಾಲ್ಕು ವಾರ ಪಿಂಡ ಇನ್ನೂ ಗರ್ಭಕೋಶಕ್ಕೆ ಅಂಟ್ಕೊಳ್ತಾ ಇರುತ್ತೆ, ಆಗ ಏಕಾಏಕಿ ಮೇವು ಕಡಿಮೆ ಮಾಡೋದು, ಲಾರಿಲಿ ಸಾಗಿಸೋದು, ಎಲ್ಲಾ ಸೇರಿಸಿ ಔಷಧಿ ಕುಡಿಸೋಕೆ ಓಡಾಡಿಸೋದು, ಇವೆಲ್ಲ ಬೇಡ.

ಇನ್ನು ನಿಮ್ಮ ಟಗರು. ಒಂದು ಕೆಜಿ ಮೆಕ್ಕೆಜೋಳ ತಿಂದು ಕೂತಿರೋ ಟಗರು ನೋಡೋಕೆ ಮಾತ್ರ ಚೆಂದ. ಟಗರಿನ ವೀರ್ಯಾಣು ತಯಾರಾಗೋಕೆ ಏಳು ವಾರ ಹತ್ರ ಬೇಕು, ಅಂದ್ರೆ ಇವತ್ತು ಹಾರ್ತಿರೋ ಟಗರು ಎರಡು ತಿಂಗಳ ಹಿಂದೆ ಏನ್ ತಿಂದಿತ್ತು, ಎಷ್ಟು ಬಿಸಿಲಲ್ಲಿತ್ತು, ಜ್ವರ ಬಂದಿತ್ತಾ ಅನ್ನೋದೆಲ್ಲ ಇವತ್ತಿನ ವೀರ್ಯದಲ್ಲಿ ಇರುತ್ತೆ. ಬೀಜ (ವೃಷಣ) ದೇಹದ ಶಾಖಕ್ಕಿಂತ ಕೆಲವು ಡಿಗ್ರಿ ತಣ್ಣಗಿರಬೇಕು, ಅದಕ್ಕೇ ಅದು ಹೊರಗೆ ಜೋತಾಡೋದು. ಕೊಬ್ಬಿದ ಟಗರಿಗೆ ಬೀಜದ ಚೀಲದ ಬುಡದಲ್ಲೂ ಕೊಬ್ಬು ಕೂತು ಶಾಖ ಹೊರಗೆ ಹೋಗಲ್ಲ, ಮೇಲಿಂದ ತಗಡಿನ ಶೆಡ್ ಇದ್ರೆ ಮುಗೀತು. ಕಾಳು ಬೂಸಾ ಎರಡರಲ್ಲೂ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ, ಇದೇ ಮುಂದುವರಿಸಿದ್ರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತೆ, ಆಗ ಟಗರನ್ನ ನೀವು ಮಾರೋಕೂ ಆಗಲ್ಲ. ಅದಕ್ಕೆ ಹಸಿರು ಮೇವು, ನಡಿಗೆ, ಹುರುಳಿ ಇಲ್ಲಾ ಶೇಂಗಾ ಹಿಂಡಿ ಸ್ವಲ್ಪ, ಹದವಾಗಿ ಕಾಳು. ಅಷ್ಟು ಸಾಕು.

ಹಸುವಿನ ಮಿನರಲ್ ಮಿಕ್ಸ್ಚರ್ ಕುರಿಗೆ ಕೊಡೋದು ಇವತ್ತೇ ನಿಲ್ಸಿ. ಅದರಲ್ಲಿ ತಾಮ್ರ ಇರುತ್ತೆ, ಹಸು ತಡ್ಕೊಳ್ಳುತ್ತೆ, ಕುರಿ ಲಿವರ್‌ನಲ್ಲಿ ಅದು ತಿಂಗಳುಗಟ್ಲೆ ಶೇಖರ ಆಗಿ ಒಂದಿನ ಏಕಾಏಕಿ ಕೆಂಪು ಮೂತ್ರ ಹೋಗಿ ಸಾಯ್ತವೆ. ಕುರಿಗೆ ಅಂತಲೇ ಬೇರೆ ಮಿಶ್ರಣ ಸಿಗುತ್ತೆ.

ಹರಿಹರದ ಹೈನಿನ ಅಕ್ಕ:

ನಂಗೆ ಕುರಿ ಗೊತ್ತಿಲ್ಲ, ನಮ್ಮನೇಲಿ ಎಚ್ಎಫ್ ಹಸು ಅದಾವೆ. ಆದ್ರೂ ಒಂದು ಕೇಳ್ಬೇಕು ಅನ್ನಿಸ್ತು, ಆ ಮೆಕ್ಕೆಜೋಳ ಎಲ್ಲಿಂದ ತಂದ್ರಿ? ಯಾಕಂದ್ರೆ ದೀಪಾವಳಿ ಟೈಮಿಗೆ ನಮ್ ದಾವಣಗೆರೆ ಕಡೆ ರಸ್ತೆ ತುಂಬ ಮೆಕ್ಕೆಜೋಳ ಒಣಗ್ಹಾಕಿರ್ತಾರೆ, ಒಂದು ಅಕಾಲ ಮಳೆ ಬಂತು ಅಂದ್ರೆ ಟಾರ್ಪಲ್ ಮುಚ್ಚೋದ್ರೊಳಗೆ ನೆಂದಿರುತ್ತೆ, ಆಮೇಲೆ ಅದೇ ಮಾಲು ಮಂಡೀಲಿ ರೇಟಿಲ್ದೆ ದನದ ಮೇವಿಗೆ ಅಂತ ಅಗ್ಗಕ್ಕೆ ಹೋಗುತ್ತೆ. ಅಂಥಾ ಬೂಷ್ಟು ಹಿಡಿದ ಕಾಳು ತಿನ್ನಿಸಿ ಪಕ್ಕದ ಮನೆಯೋರ ಹಸು ಮೂರು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿದ್ರೂ ಗಬ್ಬ ನಿಲ್ಲಲಿಲ್ಲ, ಕಡಸು ಗಬ್ಬ ಇಲ್ದೇನೇ ಕೆಚ್ಚಲು ಬಿಟ್ಟಿತ್ತು. ಕಾಳು ಬದಲಾಯಿಸಿದ ಮೇಲೆ ಸರಿ ಹೋಯ್ತು.

ಇನ್ನೊಂದು, ತಾಯಿ ಹೊಟ್ಟೇಲಿದ್ದಾಗಿನ ಬಿಸಿಲು ಕರುವಿಗೆ ತಟ್ಟುತ್ತೆ ಅನ್ನೋದು ನಾನು ನಂಬಿದೀನಿ. ಹಾಲು ಬತ್ತಿಸಿದ ಎರಡು ತಿಂಗಳು ಎಲ್ರೂ ಹಸೂನ ಮೂಲೇಲಿ ಕಟ್ತಾರೆ, ಹಾಲು ಕೊಡಲ್ವಲ್ಲ ಅಂತ ಫ್ಯಾನೂ ಇಲ್ಲ, ಹಿಂಡೀನೂ ಇಲ್ಲ, ಬರೀ ನೆಲ್ಲುಲ್ಲು. ಟ್ರೈನಿಂಗ್‌ನಲ್ಲಿ ಹೇಳಿದ್ರು, ಆ ಎರಡು ತಿಂಗಳು ಶಾಖದಲ್ಲಿದ್ದ ಹಸುವಿನ ಹೆಣ್ಣು ಕರು ತೂಕ ಕಡಿಮೆ ಹುಟ್ಟೋದಲ್ದೆ ಮುಂದೆ ಅದೇ ಹಸುವಾದಾಗ ಹಾಲೂ ಕಡಿಮೆ ಕೊಡುತ್ತೆ ಅಂತ ಅಮೇರಿಕಾದ ಫ್ಲಾರಿಡಾದಲ್ಲಿ ನೋಡಿದಾರಂತೆ. ಅವತ್ತಿಂದ ನಾನು ಬತ್ತಿದ ಹಸುವಿಗೇ ಮೊದಲು ಗೋಣಿ ತಟ್ಟು ಕಟ್ಟಿ ನೀರು ಚಿಮುಕಿಸ್ತೀನಿ. ಮನೆಯೋರು ನಗ್ತಾರೆ, ನಗ್ಲಿ.

ಜಗಳೂರು ಶೆಡ್:

ಅಕ್ಕಾರೆ ನೀವು ಮನೆಗೆ ಬಂದು ನೋಡಿದಂಗೆ ಹೇಳಿದ್ರಿ. ಮಳೇಲಿ ನೆಂದಿದ್ದ ಮಾಲೇ ಅದು, ಅಗ್ಗಕ್ಕೆ ಸಿಕ್ತು ಅಂತ ಒಂದೇ ಸಲ ವರ್ಷಕ್ಕಾಗೋಷ್ಟು ತುಂಬಿಟ್ಟಿದ್ದು. ಈಗ ಚೀಲ ಬಿಚ್ಚಿ ನೋಡಿದೆ, ಕಾಳಿನ ಮೂತಿ ಕಡೆ ತಿಳಿ ಗುಲಾಬಿ ಬಣ್ಣ, ಕೆಲವು ಕಡೆ ಹಸಿರು ಪುಡಿ ಪುಡಿ, ಕೈ ಹಾಕಿದ್ರೆ ಬೆಚ್ಚಗೆ ಐತೆ. ಇದು ತೊಳೆದು ಒಣಗಿಸಿದ್ರೆ ಆಗುತ್ತಾ ಡಾಕ್ಟ್ರೇ? ಶೆಡ್ ತಗಡಿಂದೇ, ಎತ್ತರ ಕಮ್ಮಿ. ಟಗರಿನ ಗೂಡು ಪಡುವಣದ ಮೂಲೇಲಿ, ಮಧ್ಯಾಹ್ನದ ಮೇಲೆ ಪೂರ್ತಿ ಬಿಸಿಲು ಹೊಡೆಯುತ್ತೆ.

ದುರ್ಗದ ಪಶುವೈದ್ಯ:

ಆಗಲ್ಲ. ತೊಳೆದ್ರೂ, ಬೇಯಿಸಿದ್ರೂ ಆ ವಿಷ ಪೂರ್ತಿ ಹೋಗಲ್ಲ. ಗುಲಾಬಿ ಬೂಷ್ಟು ಫ್ಯುಸೇರಿಯಂ ಜಾತಿದು ಇರಬಹುದು, ಅದು ಬಿಡೋ ಜಿಯರಲೆನೋನ್ ಅನ್ನೋ ವಿಷ ಹೆಣ್ಣು ಹಾರ್ಮೋನಿನ ಥರ ವರ್ತಿಸುತ್ತೆ, ಅಂದ್ರೆ ದೇಹಕ್ಕೆ ಬೆದೆ ಯಾವುದು ಗಬ್ಬ ಯಾವುದು ಅಂತ ಗೊಂದಲ ಆಗುತ್ತೆ. ಅಕ್ಕ ಹೇಳಿದ ಕಡಸಿನ ಕೆಚ್ಚಲಿಗೂ ಇದೇ ಕಾರಣ ಇದ್ದಿರಬಹುದು. ಹಸಿರು ಪುಡಿ ಕಂಡ್ರೆ ಅಫ್ಲಾಟಾಕ್ಸಿನ್ ಅನುಮಾನ, ಅದು ಲಿವರ್ ತಿನ್ನುತ್ತೆ, ಹಸುವಾದ್ರೆ ಹಾಲಿಗೂ ಇಳಿಯುತ್ತೆ. ಪರೀಕ್ಷೆ ಮಾಡಿಸ್ದೆ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಆ ಚೀಲಗಳನ್ನ ಯಾರಿಗೂ ಮಾರಬೇಡಿ, ಕೋಳಿಗೂ ಬೇಡ.

ಮರಿ ಸಣ್ಣದಾಗಿದ್ದಕ್ಕೆ ಬರ್ತೀನಿ. ಕುರಿ ಗಬ್ಬ ಐದು ತಿಂಗಳು. ಮೊದಲ ಮೂರು ತಿಂಗಳು ಮರಿ ಬೆಳೆಯೋದು ಕಮ್ಮಿ, ಬೆಳೆಯೋದು ಮಾಸು. ಮರಿಗೆ ಆಹಾರ, ಗಾಳಿ ಎಲ್ಲಾ ಹೋಗೋದು ಅದರ ಮೂಲಕವೇ. ಆ ಹೊತ್ತಲ್ಲಿ ತಾಯಿ ಬಡವಾದ್ರೆ ಅಥ್ವಾ ಶೆಡ್ ಕಾದ್ರೆ ಮಾಸು ಸಣ್ಣದಾಗುತ್ತೆ, ಆಮೇಲೆ ಕೊನೇಲಿ ಎಷ್ಟು ಹಿಂಡಿ ಹಾಕಿದ್ರೂ ಮರಿಗೆ ದಾಟೋ ದಾರಿನೇ ಕಿರಿದು. ಕೊನೇ ಆರು ವಾರದಲ್ಲಿ ಮರಿಯ ಹುಟ್ಟು ತೂಕದ ಸುಮಾರು 70 ಪರ್ಸೆಂಟ್ ಬರುತ್ತೆ. ಅದೇ ಹೊತ್ತಿಗೆ ಮರಿ ಹೊಟ್ಟೆ ತುಂಬ ಜಾಗ ತಗೊಂಡು ತಾಯಿಗೆ ಮೇವು ತಿನ್ನೋಕೆ ಜಾಗ ಕಡಿಮೆ. ಅಲ್ಲಿ ನೀವು ಹಾಕಿದ್ದು ಮೆಕ್ಕೆಜೋಳದ ದಂಟು. ದಂಟಲ್ಲಿ ಪ್ರೋಟೀನ್ ಐದು ಪರ್ಸೆಂಟೂ ಇರಲ್ಲ, ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಗಿಣ್ಣು ಹಾಲು ಕೂಡ ಅದೇ ವಾರಗಳಲ್ಲೇ ಕೆಚ್ಚಲಲ್ಲಿ ತಯಾರಾಗೋದು. ನಮ್ಮ ಕಡೆ ಕುರಿಗೆ ಆ ಆರು ವಾರ ದಿನಕ್ಕೆ 200ರಿಂದ 300 ಗ್ರಾಂ ಹಿಂಡಿ-ಕಾಳಿನ ಮಿಶ್ರಣ, ಜೊತೆಗೆ ಶೇಂಗಾ ಹೊಟ್ಟು ಇದ್ರೆ ಎರಡೂವರೆ ಮೂರು ಕೆಜಿ ಮರಿ ಬರೋಕೆ ತಳಿ ಬದಲಾಯಿಸೋದೇನೂ ಬೇಡ. ಈಯೋಕೆ ತಿಂಗಳು ಮುಂಚೆ ಕರುಳುಬೇನೆ ಲಸಿಕೆ ತಾಯಿಗೆ ಹಾಕ್ಸಿ, ರಕ್ಷಣೆ ಗಿಣ್ಣಿನ ಮೂಲಕ ಮರಿಗೆ ಹೋಗುತ್ತೆ. ಹುಟ್ಟಿದ ಎರಡು ಗಂಟೆ ಒಳಗೆ ಗಿಣ್ಣು ಹೊಟ್ಟೆಗೆ ಬೀಳಬೇಕು, ಎರಡು ಕೆಜಿ ಮರಿಗೆ ನೂರು ಎಂಎಲ್ ಆದ್ರೂ, ಮೊಲೆ ಹಿಡೀದಿದ್ರೆ ಹಿಂಡಿ ಕುಡಿಸಿ.

ಇದು ಹುಟ್ಟು ತೂಕಕ್ಕೇ ಮುಗಿಯಲ್ಲ. ಹೆಣ್ಣು ಮರಿ ಜೀವನಪೂರ್ತಿ ಬಿಡೋ ಅಂಡಗಳೆಲ್ಲ ಅದು ತಾಯಿ ಹೊಟ್ಟೇಲಿದ್ದಾಗಲೇ ತಯಾರಾಗೋದು. ಗಂಡು ಮರಿಯ ಬೀಜ ಬೆಳೆಯೋಕೆ ಶುರುವಾಗೋದೂ ಆಗಲೇ. ಉಣ್ಣೆ ಬೇರುಗಳಲ್ಲಿ ಬಹಳಷ್ಟು ಗಬ್ಬದ ಕೊನೇ ಭಾಗದಲ್ಲಿ ಮೂಡ್ತವೆ, ಚಳ್ಳಕೆರೆ ಕಂಬಳಿ ನೇಯೋರು ಬರಗಾಲದಲ್ಲಿ ಹುಟ್ಟಿದ ಕುರಿ ಉಣ್ಣೆ ತೆಳ್ಳಗೆ ಅಂದ್ರೆ ಅದಕ್ಕೆ ಕಾರಣ ಇದೆ. ಹಂಗಾಗಿ ಈ ಸಲ ಬದುಕುಳಿದ ಒಂದೂವರೆ ಕೆಜಿ ಹೆಣ್ಣು ಮರಿಗಳನ್ನ ತಾಯಿಕುರಿ ಮಾಡ್ಕೊಳ್ಳೋಕೆ ಇಟ್ಕೋಬೇಡಿ, ಬೆಳೆಸಿ ಮಾಂಸಕ್ಕೆ ಮಾರಿ.

ಮಾಯಕೊಂಡದ ಮಾವ:

ಡಾಕ್ಟ್ರೇ ನೀವು ಹೇಳಾದೆಲ್ಲ ಚೆಂದ. ನಮ್ಮಜ್ಜ ಕುರಿಗೆ ಹಿಂಡಿ ಅಂದ್ರೆ ಏನಂತ ಕಂಡೋನಲ್ಲ, ಮರಿ ಕುಣೀತಿದ್ವು. ಅಪ್ಪ ಟಗರು ಏನ್ ತಿಂದ್ರೆ ಮರಿಗೇನಾಗುತ್ತೆ ಸ್ವಾಮಿ, ಅದು ಕೊಡಾದು ಒಂದು ಹನಿ. ಕೊನೇಗೆ ಎಲ್ಲಾ ಹಿಂಡಿ ಮಾರೋರ ವ್ಯಾಪಾರ. ಅಷ್ಟು ದುಡ್ಡಿನ ಹಿಂಡಿ ತಿನ್ಸಿ ಮರಿ ಎಷ್ಟಕ್ಕೆ ಮಾರ್ಬೇಕು?

ಚಳ್ಳಕೆರೆ ಹಟ್ಟಿಹೈದ:

ಮಾವ ನಿಮ್ಮಜ್ಜ ಹಿಂಡಿ ತಿನ್ಸಿಲ್ಲ ನಿಜ, ದಿನಕ್ಕೆ ಹತ್ತು ಮೈಲಿ ಕುರಿ ಹೊಡ್ಕಂಡು ಹೋಗಿ ಇಪ್ಪತ್ತು ಥರ ಸೊಪ್ಪು ಹುಲ್ಲು ತಿನ್ಸಿದಾನೆ. ಅಮೃತಮಹಲ್ ದನಕ್ಕೆ ಅಂತ ಬಿಟ್ಟ ಹುಲ್ಲುಗಾವಲು, ಅಮೃತಮಹಲ್ ಕಾವಲು, ನಮ್ಮೂರ ಪಕ್ಕದಾಗೇ ಐತಲ್ಲ, ಮಹಾರಾಜರ ಕಾಲದಾಗೇ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇಟ್ಟು ದನ ಆ ಕಾಲಕ್ಕೆ ಅಲ್ಲಿಗೆ ಹೊಡೀತಿದ್ರು. ಅದು ಮೇವಿನ ಲೆಕ್ಕ ಅಲ್ದೆ ಇನ್ನೇನು? ಈಗ ಆ ನೆಲ ಎಷ್ಟು ಉಳಿದೈತೆ ಅನ್ನಾದು ಬೇರೆ ಕತೆ, ಅದು ತೆಗೆದ್ರೆ ಬೆಳಗಾಗುತ್ತೆ. ಶೆಡ್ಡಾಗೆ ಕಟ್ಟಿದೋನು ಅಷ್ಟನ್ನೂ ಗೋದಲಿಗೇ ತಂದು ಹಾಕ್ಬೇಕು ಅಷ್ಟೇ. ಹಿಂಡಿ ದುಬಾರಿ ಆದ್ರೆ ಬದುವಿಗೆ ಚೊಗಚೆ ಹಾಕು, ಗ್ಲಿರಿಸಿಡಿಯಾ ಹಾಕು, ಶೇಂಗಾ ಹೊಟ್ಟು ಸುಗ್ಗೀಲೇ ಮಾತಾಡಿ ಬಣವೆ ಒಟ್ಟು. ಮಳೆ ನೀರು ಬೀಳ್ದಂಗೆ ಮಾತ್ರ ಒಟ್ಟಬೇಕು, ಶೇಂಗಾ ಹೊಟ್ಟೂ ಬೂಷ್ಟು ಹಿಡಿಯುತ್ತೆ.

ದುರ್ಗದ ಪಶುವೈದ್ಯ:

ಮಾಯಕೊಂಡದವರ ಒಂದು ಹನಿ ಮಾತಿಗೆ ಉತ್ತರ. ನಾವೂ ಕಾಲೇಜಲ್ಲಿ ಹಂಗೇ ಓದಿದ್ದು, ಅಪ್ಪ ಕೊಡೋದು ಜೀನ್ ಮಾತ್ರ ಅಂತ. ಈಗ ಆ ಮಾತು ಅಷ್ಟು ಸಲೀಸಾಗಿ ಹೇಳೋಕಾಗಲ್ಲ. 2010ರಲ್ಲಿ ಪ್ರಕಟ ಆದ ಇಲಿ ಪ್ರಯೋಗದಲ್ಲಿ ಗಂಡು ಇಲಿಗೆ ಮಾತ್ರ ಪ್ರೋಟೀನ್ ಕಮ್ಮಿ ಮಾಡಿ, ತಾಯಿಗೆ ಮಾಮೂಲಿ ಆಹಾರವೇ ಕೊಟ್ಟಿದ್ರು, ಆದ್ರೂ ಮರಿಗಳ ಲಿವರ್‌ನಲ್ಲಿ ಕೊಬ್ಬು, ಕೊಲೆಸ್ಟ್ರಾಲ್ ತಯಾರಿಸೋ ಜೀನ್‌ಗಳ ಕೆಲಸ ಬದಲಾಗಿತ್ತು. ಜೀನ್ ಅದೇ, ಯಾವುದು ಎಷ್ಟು ಕೆಲಸ ಮಾಡಬೇಕು ಅನ್ನೋ ಗುರುತು ಬೇರೆ, ಆ ಗುರುತುಗಳು ವೀರ್ಯಾಣು ಜೊತೆ ಸಾಗ್ತವೆ. ಇಲಿಯಲ್ಲಿ ಕಂಡಿದ್ದನ್ನೆಲ್ಲ ಟಗರಿಗೆ ಅಳೆಯೋಕೆ ನಾನು ಹೋಗಲ್ಲ. ಟಗರಲ್ಲಿ ಖಚಿತವಾಗಿ ಹೇಳಬಹುದಾದದ್ದು, ಕೆಟ್ಟ ಮೇವು, ಕೆಟ್ಟ ಶಾಖದಲ್ಲಿದ್ದ ಟಗರಿನಿಂದ ಗಬ್ಬ ನಿಲ್ಲೋದು ಕಮ್ಮಿ, ನಿಂತ ಪಿಂಡವೂ ಬೇಗ ಸಾಯೋದು ಜಾಸ್ತಿ. ಮರಿ ತೂಕಕ್ಕೆ ಮಾತ್ರ ತಾಯಿ ಮೇವೇ ಮುಖ್ಯ, ಟಗರಿನ ಮೇಲೆ ಹಾಕಬೇಡಿ.

ಹಿಂಡಿ ಖರ್ಚು ಕೇಳಿದ್ರಿ. ವರ್ಷಪೂರ್ತಿ ತಿನ್ನಿಸಿ ಅಂತ ಯಾರು ಹೇಳಿದ್ರು? ಹಾರಿಸೋಕೆ ಮುಂಚೆ ಮೂರು ವಾರ, ಈಯೋಕೆ ಮುಂಚೆ ಆರು ವಾರ. ಆರು ವಾರಕ್ಕೆ ಒಂದು ಕುರಿಗೆ ಎಂಟೂವರೆಯಿಂದ ಹನ್ನೆರಡೂವರೆ ಕೆಜಿ ಮಿಶ್ರಣ. ಅದರಲ್ಲಿ ಹಿಂಡಿ ಮೂರನೇ ಒಂದು ಭಾಗ, ಉಳಿದದ್ದು ಕಾಳು ಬೂಸಾ. ಒಂದು ಮರಿ ಸತ್ರೆ ಹೋಗೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ನಾರಿ ಸುವರ್ಣದ ಬಗ್ಗೆ. ಅದು ಮಹಾರಾಷ್ಟ್ರದ ಫಲಟಣದಲ್ಲಿ ಬಂಗಾಳದ ಗರೋಲ್ ಕುರಿಯ ಜವಳಿ ಜೀನ್ ಸೇರಿಸಿ ಮಾಡಿದ ತಳಿ, ಒಳ್ಳೇದೇ. ಆದ್ರೆ ಒಂದು ಮರಿಗೇ ಹಾಲಿಲ್ದ ಶೆಡ್‌ಗೆ ಜವಳಿ ಜೀನ್ ತಂದ್ರೆ ಎರಡೆರಡು ಸಾಯ್ತವೆ. ಅದಲ್ದೆ ಟಗರಿಂದ ಜವಳಿ ಬರಲ್ಲ, ಅದರ ಹೆಣ್ಣು ಮಗಳು ಕುರಿಯಾದಾಗ ಬರುತ್ತೆ, ಎರಡು ವರ್ಷದ ಮಾತು. ಜವಳಿ ಇರೋ ಕುರಿ ಕೊನೇ ತಿಂಗಳಲ್ಲಿ ಹೊಟ್ಟೆಗೆ ಸಾಲದೆ ಮೈಕೊಬ್ಬು ಕರಗಿಸ್ಕೊಂಡು ಮಂಕಾಗಿ ಗೋಡೆಗೆ ತಲೆ ಒತ್ಕೊಂಡು ನಿಲ್ಲುತ್ತೆ, ಆಮೇಲೆ ಮಲಗಿದ್ದು ಏಳಲ್ಲ. ಬಹಳ ಜನ ಅದನ್ನ ಕ್ಯಾಲ್ಸಿಯಂ ಕಮ್ಮಿ ಅಂತ ಬಾಟ್ಲಿ ಹಾಕಿಸಿ ಕಳ್ಕೋತಾರೆ. ಮೊದ್ಲು ಮೇವು ಸರಿ ಮಾಡಿ, ಆಮೇಲೆ ಜವಳಿ.

ಹರಿಹರದ ಹೈನಿನ ಅಕ್ಕ:

ಡಾಕ್ಟ್ರೇ ಒಂದು ನಮ್ ಕಡೆದೂ ಹೇಳಿ. ಈದ ಮೇಲೆ ಹಾಲು ಚೆನ್ನಾಗಿ ಬರೋ ಹಸುನೇ ಬೆದೆಗೆ ಬರಲ್ಲ, ನಾಲ್ಕು ತಿಂಗಳಾದ್ರೂ. ಕಡಿಮೆ ಹಾಲಿಂದು ಬೇಗ ಬರುತ್ತೆ. ಯಾಕೆ?

ದುರ್ಗದ ಪಶುವೈದ್ಯ:

ಬಾಯಿಗೆ ಬೀಳೋದಕ್ಕಿಂತ ಕೆಚ್ಚಲಿಂದ ಹೋಗೋದು ಜಾಸ್ತಿ ಇದ್ರೆ ಹಸು ಮೈ ಕರಗಿಸಿ ಹಾಲು ಕೊಡುತ್ತೆ, ಅಂಡಾಶಯಕ್ಕೆ ಸರದಿ ಬರೋದು ಕೊನೇಗೆ. ಈದ ಮೇಲೆ ಸುರಿಯೋದಲ್ಲ, ಈಯೋಕೆ ಮೂರು ವಾರ ಮೊದ್ಲಿಂದ ನಿಧಾನಕ್ಕೆ ಹಿಂಡಿ ಏರಿಸ್ಕೊಂಡು ಬನ್ನಿ, ಹೊಟ್ಟೇಲಿರೋ ಸೂಕ್ಷ್ಮಜೀವಿಗಳು ಹೊಂದ್ಕೋಬೇಕು. ನೆಲ್ಲುಲ್ಲು ತಿನ್ನಿಸೋರಿಗೆ ರಂಜಕದ ಕೊರತೆಯೂ ಇರುತ್ತೆ, ಹಸುವಿಗೆ ದಿನಕ್ಕೆ 50 ಗ್ರಾಂ ಮಿನರಲ್ ಮಿಕ್ಸ್ಚರ್ ಬಿಡಬೇಡಿ. ಬೇಸಿಗೇಲಿ ಬೆದೆ ರಾತ್ರಿ ಬಂದು ರಾತ್ರೀನೇ ಹೋಗುತ್ತೆ, ಮಲಗೋ ಮುಂಚೆ ಒಂದು ಸಲ, ಬೆಳಗಿನ ಜಾವ ಒಂದು ಸಲ ಕೊಟ್ಟಿಗೆಗೆ ಹೋಗಿ ಲೋಳೆ ನೋಡಿ. ಬೆಳಿಗ್ಗೆ ಕಂಡ್ರೆ ಸಂಜೆ ಇಂಜೆಕ್ಷನ್, ಸಂಜೆ ಕಂಡ್ರೆ ಮಾರನೇ ಬೆಳಿಗ್ಗೆ.

ಜಗಳೂರು ಶೆಡ್:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಯಾರೂ ಹೇಳಿರ್ಲಿಲ್ಲ. ರಕ್ತ ಪರೀಕ್ಷೆಗೆ ನಾಳೆ ಡಾಕ್ಟ್ರು ಬರ್ತೀನಿ ಅಂದಿದಾರೆ. ಮೆಕ್ಕೆಜೋಳ ಪೂರ್ತಿ ಗುಂಡಿಗೆ ಹಾಕ್ತೀನಿ, ದುಡ್ಡು ಹೋದ್ರೆ ಹೋಗ್ಲಿ. ಈಗ ಮರಿ ಹಾಲು ಕುಡೀತಿದಾವೆ, ತಾಯಿ ಎಲ್ಲಾ ಬಡಕಲು. ಮುಂದಿನ ಸಲ ಟಗರು ಯಾವಾಗ ಬಿಡ್ಲಿ? ಇನ್ನೊಂದು ಟಗರು ಚಳ್ಳಕೆರೆ ಕಡೆಯಿಂದ ತಂದ್ರೆ ಏನ್ ನೋಡಿ ತರ್ಬೇಕು?

ಚಳ್ಳಕೆರೆ ಹಟ್ಟಿಹೈದ:

ಆಗಸ್ಟ್‌ಗೆ ಬಿಡು, ಶ್ರಾವಣದಾಗೆ. ಜುಲೈಗೆ ಮರಿ ಹಾಲು ಬಿಡಿಸು, ತಾಯಿಗೆ ಮೈ ತುಂಬ್ಕಳಾಕೆ ಒಂದು ತಿಂಗಳು ಸಿಗ್ತೈತೆ, ಜನವರಿಗೆ ಮರಿ, ಆವಾಗ ಶೇಂಗಾ ಹೊಟ್ಟು ಕೈಯಾಗೆ ಇರ್ತೈತೆ. ಡಾಕ್ಟ್ರು ಹೇಳಿದ ಏಳು ವಾರದ ಲೆಕ್ಕಕ್ಕೆ ಜೂನ್ ಮೊದ್ಲೇ ಹೊಸ ಟಗರು ನಿನ್ ಶೆಡ್ಡಿಗೆ ಬಂದಿರ್ಬೇಕು, ಸಂತೇಲಿ ತಗಂಡು ಅವತ್ತೇ ಬಿಡಾದಲ್ಲ. ಹಳೇ ಟಗರೂ ಅವತ್ತಿಂದ್ಲೇ ಮೈ ಇಳಿಸು, ಗೂಡು ಮೂಡಣಕ್ಕೆ ಹಾಕು, ತಗಡಿನ ಮೇಲೆ ತೆಂಗಿನ ಗರಿ ಹೊದಿಸು.

ಟಗರು ತಗಳಾವಾಗ ಮುಖ ಕೊಂಬು ಆಮೇಲೆ ನೋಡು, ಮೊದ್ಲು ಹಿಂದೆ ಕೂತು ಎರಡೂ ಬೀಜ ಕೈಯಾಗೆ ಹಿಡಿ. ಎರಡೂ ಒಂದೇ ಸಮ ಇರ್ಬೇಕು, ಬಿಗಿಯಾಗಿರ್ಬೇಕು, ಗಂಟು ಇರ್ಬಾರ್ದು, ಒತ್ತಿದ್ರೆ ಟಗರು ನೋವಿಗೆ ಹಾರ್ಬಾರ್ದು. ಕಾಲು ಗೊರಸು ನೋಡು, ಹಿಂಗಾಲು ಕುಂಟೋ ಟಗರು ಹತ್ತಲ್ಲ. ಅದ್ರ ತಾಯಿ ಮಂದೇಲಿದ್ರೆ ತೋರ್ಸು ಅನ್ನು, ಕೆಚ್ಚಲು ನೋಡು. ತೋರ್ಸಲ್ಲ ಅಂದ್ರೆ ಮುಂದಿನ ಹಟ್ಟಿಗೆ ಹೋಗು. ಎರಡು ವರ್ಷ ಆದ್ಮೇಲೆ ಅದ್ನ ಬದಲಾಯಿಸು, ಇಲ್ಲಾಂದ್ರೆ ಅದ್ರ ಮಕ್ಕಳನ್ನೇ ಅದು ಹಾರುತ್ತೆ. ಬರೋ ಮುಂಚೆ ಇಲ್ಲೇ ಒಂದು ಮಾತು ಹಾಕು, ನಾನೂ ಜೊತೆಗೆ ಬರ್ತೀನಿ, ಹೊರಗಿನೋನು ಅಂತ ಗೊತ್ತಾದ್ರೆ ರೇಟು ಎರಡು ಸಾವ್ರ ಏರಿಸ್ತಾರೆ ನಮ್ಮೋರು.